ಬಾಟಲಿಗೆ ಬೆಲೆಯಿದೆ, ಕಸ ಉಳಿದಿದೆ

ಸಮುದ್ರದ ಪ್ಲಾಸ್ಟಿಕ್‌ನಿಂದ ಮಾಡಿದ ಶೂ ಸುದ್ದಿಯಾದದ್ದು 2015ರಲ್ಲಿ. ಅಡಿಡಾಸ್ ಕಂಪನಿ ‘ಪಾರ್ಲೆ ಫಾರ್ ದಿ ಓಷನ್ಸ್’ ಸಂಸ್ಥೆಯ ಜೊತೆ ತೋರಿಸಿದ ಮೊದಲ ಮಾದರಿಯಲ್ಲಿ ಅಕ್ರಮ ಮೀನುಗಾರಿಕೆಯ ಬಲೆಯ ನೂಲಿತ್ತು. 2018ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಜೋಡಿ ತಯಾರಾದವು. ಆದರೆ ಅವುಗಳಿಗೆ ಬಳಸಿದ ಪ್ಲಾಸ್ಟಿಕ್ಕನ್ನು ಸಂಗ್ರಹಿಸಿದ್ದು ಕಡಲತೀರದಲ್ಲಿ, ಕರಾವಳಿಯ ಊರುಗಳಲ್ಲಿ, ನಡುಸಮುದ್ರದಿಂದ ಎತ್ತಿದ್ದಲ್ಲ.

ಈ ಉದ್ಯಮದಲ್ಲಿ ಸಾಮಾನ್ಯವಾಗಿ ತೀರದಿಂದ 50 ಕಿ.ಮೀ. ಒಳಗಿನ ಕಸವನ್ನು ‘ಕಡಲು ಸೇರಬಹುದಾದದ್ದು’ ಎಂದು ಎಣಿಸುತ್ತಾರೆ. ಈ ಅಳತೆಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕಸ ಲೆಕ್ಕಕ್ಕೇ ಇಲ್ಲ. ನೀರು ಮಾತ್ರ ಆ ಗೆರೆಯನ್ನು ಕೇಳುವುದಿಲ್ಲ. ನಂದಿ ಬೆಟ್ಟಸಾಲಿನ ಅರ್ಕಾವತಿ ದೊಡ್ಡಬಳ್ಳಾಪುರ ದಾಟಿ ಕಾವೇರಿಯನ್ನು ಸೇರುತ್ತದೆ, ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೂಲಕ ತಮಿಳುನಾಡಿಗೆ ಇಳಿಯುತ್ತದೆ. ಎರಡರ ಕೊನೆಯೂ ಬಂಗಾಳ ಕೊಲ್ಲಿ.

ಆ ಶೂವಿನ ಉತ್ಸಾಹದ ದೇಶೀ ರೂಪ ಕಂಡದ್ದು ನೆಲಮಂಗಲಕ್ಕೆ ಹತ್ತಿರದ ಮಾದಾವರದಲ್ಲಿ. 2023ರ ಫೆಬ್ರುವರಿ 6ರಂದು, ಭಾರತ ಇಂಧನ ಸಪ್ತಾಹದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಪ್ರಧಾನಿಗೆ ಪೆಟ್ ಬಾಟಲಿಯಿಂದ ನೇಯ್ದ ಬಟ್ಟೆಯ ಜಾಕೆಟ್ ಕೊಟ್ಟಿತು. ಸಿಬ್ಬಂದಿಯ ಸಮವಸ್ತ್ರಕ್ಕೆ ವರ್ಷಕ್ಕೆ 10 ಕೋಟಿ ಬಾಟಲಿ ಬಳಸುವ ಗುರಿಯನ್ನೂ ಸಾರಿತು. ಚಪ್ಪಾಳೆ ಜೋರಾಗಿಯೇ ಬಿತ್ತು.

ಶೂ ಆಗಲಿ ಜಾಕೆಟ್ ಆಗಲಿ, ಬಳಸುವುದು ಈಗಾಗಲೇ ಬೆಲೆಯಿರುವ ಬಾಟಲಿಯನ್ನು. ಪೆಟ್ ಬಾಟಲಿ ಬೀದಿಯಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಚಿಂದಿ ಆಯುವವರು ಹೆಕ್ಕುತ್ತಾರೆ, ಗುಜರಿ ಅಂಗಡಿ ತೂಕಕ್ಕೆ ಕೊಳ್ಳುತ್ತದೆ. ಚರಂಡಿ ಕಟ್ಟಿಕೊಳ್ಳುವಂತೆ ಮಾಡುವುದು ಗುಟ್ಕಾ ಪೊಟ್ಟಣ, ಚಿಪ್ಸ್ ಕವರು, ಶಾಂಪೂ ಸ್ಯಾಶೆ. ಹಲವು ಪದರ ಅಂಟಿಸಿದ ಈ ಪ್ಲಾಸ್ಟಿಕ್ಕನ್ನು ಬಿಡಿಸಿ ನೂಲು ತೆಗೆಯುವುದು ಲಾಭದ ಕೆಲಸವಲ್ಲ, ಆದ್ದರಿಂದ ಕೊಳ್ಳುವವರು ಇಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಗರೇನಹಳ್ಳಿಯಲ್ಲಿ ಬೆಂಗಳೂರಿನ ಕಸದ ಲಾರಿಗಳನ್ನು ತಡೆದು ಭಕ್ತರಹಳ್ಳಿ ಸುತ್ತಿನ ಜನ ಮತ್ತೆ ಮತ್ತೆ ಧರಣಿ ಕೂತದ್ದು ಬಾಟಲಿಯ ಕಾರಣಕ್ಕಲ್ಲ. ಯಾರಿಗೂ ಬೇಡವಾದ ಕಸದ ನಾತಕ್ಕೆ, ಅದರ ರಸ ಬಾವಿ, ಕೆರೆ ಸೇರುವ ಭಯಕ್ಕೆ.

ಶೂ ಇನ್ನೊಂದು ನಷ್ಟವನ್ನೂ ಮಾಡುತ್ತದೆ. ಬಾಟಲಿಯನ್ನು ಮತ್ತೆ ಬಾಟಲಿ ಮಾಡಬಹುದು. ಶೂ ಆದಮೇಲೆ ಮೇಲ್ಭಾಗದ ಪಾಲಿಯೆಸ್ಟರ್, ನಡುವಿನ ಫೋಮು, ಅಡಿಯ ರಬ್ಬರು ಅಂಟಿನಲ್ಲಿ ಒಂದಾಗುತ್ತವೆ. ಸವೆದ ಶೂವನ್ನು ಗುಜರಿಯವರೂ ಮುಟ್ಟುವುದಿಲ್ಲ. 2022ರಲ್ಲಿ ತಿದ್ದುಪಡಿಯಾದ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಗಟ್ಟಿ ಪ್ಯಾಕೇಜಿನಲ್ಲಿ ಮರುಬಳಕೆಯ ಪ್ಲಾಸ್ಟಿಕ್ 2025-26ಕ್ಕೆ ಶೇ 30, 2028-29ಕ್ಕೆ ಶೇ 60 ಇರಬೇಕೆಂದು ಗುರಿ ಹಾಕಿದೆ. ಬಾಟಲಿಯೆಲ್ಲ ನೂಲಾದರೆ ಆ ಗುರಿಗೆ ಬೇಕಾದ ಸ್ವಚ್ಛ ಕಚ್ಚಾವಸ್ತು ಸಿಗುವುದು ಕಷ್ಟ.

ಶೂ ಮಾರುವವರು ಪ್ಲಾಸ್ಟಿಕ್ ಯಾವ ಊರಲ್ಲಿ ಸಿಕ್ಕಿತು, ಎಷ್ಟು ಭಾಗ ನೀರಿನಿಂದಲೇ ತೆಗೆದದ್ದು ಎಂದು ಡಬ್ಬದ ಮೇಲೆ ಅಚ್ಚು ಹಾಕಲಿ. ಪೊಟ್ಟಣ ತುಂಬಿ ಮಾರುವ ಕಂಪನಿಗಳು ಅದೇ ನಿಯಮದ ಪ್ರಕಾರ ಹೊರಬೇಕಾದ ಕಸ ನಿರ್ವಹಣೆಯ ವೆಚ್ಚ ಕಾಗದದ ಪ್ರಮಾಣಪತ್ರವಾಗಿ ಉಳಿಯದೆ ಗ್ರಾಮ ಪಂಚಾಯಿತಿಗಳ ಒಣಕಸ ಘಟಕಗಳಿಗೆ ಮುಟ್ಟಲಿ. ಚಿಪ್ಸ್ ಕವರು ಹೆಕ್ಕಿದವರಿಗೂ ಕಿಲೋಗೆ ಇಂತಿಷ್ಟು ಎಂಬ ದರ ನಿಗದಿಯಾಗಲಿ.