ಹಿರಿಯರ ಭಾವಚಿತ್ರಗಳು ಅಟ್ಟ ಸೇರದಿರಲಿ

ಅಡಿಕೆಗೆ ಒಳ್ಳೆಯ ಬೆಲೆ ದೊರೆಯತೊಡಗಿದ ಮೇಲೆ ನಮ್ಮ ಚನ್ನಗಿರಿ ಸೀಮೆಯ ಊರುಗಳ ಮುಖವೇ ಬದಲಾಗಿದೆ. ಕೆರೆಬಿಳಚಿಯಲ್ಲಿಯೂ ಸೂಳೆಕೆರೆಯ ಸುತ್ತಲಿನ ಇತರ ಹಳ್ಳಿಗಳಲ್ಲಿಯೂ ಹೆಂಚಿನ ಮನೆಗಳಿದ್ದ ಜಾಗದಲ್ಲಿ ತಾರಸಿ ಮನೆಗಳು ಎದ್ದು ನಿಂತಿವೆ. ಬೆವರು ಸುರಿಸಿ ದುಡಿದವರು ಗಾಳಿ ಬೆಳಕುಳ್ಳ ಮನೆಯಲ್ಲಿ ಬಾಳುವುದು ಸಂತೋಷದ ಸಂಗತಿಯೇ. ಆದರೆ ಗೃಹಪ್ರವೇಶಕ್ಕೆ ಹೋದಲ್ಲೆಲ್ಲ ಒಂದು ಕೊರತೆ ನಮ್ಮ ಕಣ್ಣಿಗೆ ಬೀಳುತ್ತಿದೆ. ಹಳೆಯ ಮನೆಯ ಪಡಸಾಲೆಯಲ್ಲಿ ಸಾಲಾಗಿ ತೂಗುತ್ತಿದ್ದ ಕಟ್ಟು ಹಾಕಿಸಿದ ಫೋಟೊಗಳು ಹೊಸ ಗೋಡೆಗೆ ಬಂದಿರುವುದಿಲ್ಲ. ಮೊಳೆ ಹೊಡೆದರೆ ಬಣ್ಣ ಕೆಡುತ್ತದೆ, ಹಳೆಯ ಚಿತ್ರಗಳು ಹೊಸ ಮನೆಗೆ ಒಪ್ಪುವುದಿಲ್ಲ ಎಂಬ ಕಾರಣಕ್ಕೆ ಅವು ಗೋಣಿಚೀಲ ಸೇರಿ ಅಟ್ಟದ ಪಾಲಾಗಿರುತ್ತವೆ.

ಆರೋಗ್ಯದ ಪುಟದಲ್ಲಿ ಗೋಡೆಯ ಚಿತ್ರದ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಮನೆಯ ಹಿರಿಯ ಜೀವಗಳ ಮನಸ್ಸಿನ ಸ್ವಾಸ್ಥ್ಯಕ್ಕೂ ಈ ಚಿತ್ರಗಳಿಗೂ ಹತ್ತಿರದ ನಂಟಿದೆ. ಆದುದರಿಂದಲೇ ಈ ಮಾತು.

ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಪೈಕಿ ಶೇ 7.4ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಮರೆಗುಳಿತನದ ಕಾಯಿಲೆಗೆ ಒಳಗಾಗಿರುವರೆಂದು 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನ ಅಂದಾಜಿಸಿತು. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚೆಂದೂ ಅದು ಕಂಡುಕೊಂಡಿತು. ನಮ್ಮ ಊರುಗಳ ಸ್ಥಿತಿಯನ್ನು ನೋಡಿರಿ. ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಇನ್ನೂ ದೂರದಲ್ಲಿ. ದೊಡ್ಡ ಮನೆಯಲ್ಲಿ ಉಳಿದವರು ಅಜ್ಜ ಅಜ್ಜಿ ಇಬ್ಬರೇ. ಎಷ್ಟೋ ವೇಳೆ ಅವರಲ್ಲಿಯೂ ಒಬ್ಬರೇ. ಅವರ ಕಣ್ಣೆದುರು ನುಣುಪಾದ ಬರಿಯ ಗೋಡೆ ಮತ್ತು ಒಂದು ದೂರದರ್ಶನ ಪೆಟ್ಟಿಗೆ.

ಮರೆಗುಳಿತನದಲ್ಲಿ, ಅದರಲ್ಲಿಯೂ ಅಲ್ಝೈಮರ್ ಕಾಯಿಲೆಯಲ್ಲಿ, ಮೊದಲು ಅಳಿಸಿಹೋಗುವುದು ಇತ್ತೀಚಿನ ನೆನಪು. ಬೆಳಿಗ್ಗೆ ಉಂಡದ್ದು ಮರೆತುಹೋಗುತ್ತದೆ. ಐವತ್ತು ವರ್ಷದ ಹಿಂದೆ ಬಾವಿ ತೋಡಿಸಿದ್ದು, ಮೊದಲ ಜೋಡಿ ಎತ್ತು ತಂದದ್ದು, ಮದುವೆಯ ಚಪ್ಪರದಲ್ಲಿ ಮಳೆ ಬಂದದ್ದು ನೆನಪಿನಲ್ಲಿರುತ್ತದೆ. ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ನಡೆದುದು ಮುಪ್ಪಿನಲ್ಲಿ ಹೆಚ್ಚು ಸ್ಪಷ್ಟವಾಗಿ ನೆನಪಿಗೆ ಬರುತ್ತದೆಯೆಂದು ಮನೋವಿಜ್ಞಾನಿಗಳು ಹೇಳುತ್ತಾರೆ. ಹಳೆಯ ಫೋಟೊಗಳು ಆ ಕಾಲದವೇ ಅಲ್ಲವೇ? ಅವನ್ನು ಮುಂದಿಟ್ಟು ಮಾತನಾಡಿಸಿದರೆ ಮೌನವಾಗಿ ಕುಳಿತವರೂ ಮಾತಿಗೆ ತೊಡಗುತ್ತಾರೆ.

ವೃದ್ಧರು ಹಳೆಯದನ್ನೇ ಮತ್ತೆ ಮತ್ತೆ ಹೇಳುವುದು ಬುದ್ಧಿ ಮಂಕಾದುದರ ಲಕ್ಷಣವೆಂದು ಒಂದು ಕಾಲದಲ್ಲಿ ವೈದ್ಯರೂ ಎಣಿಸುತ್ತಿದ್ದರು. ಬಾಳನ್ನು ಹಿಂದಿರುಗಿ ನೋಡುವುದು ಮುಪ್ಪಿನ ಸಹಜವಾದ, ಅವಶ್ಯವಾದ ಕೆಲಸವೆಂದು 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ವಾದಿಸಿದರು. ಅಲ್ಲಿಂದೀಚೆಗೆ ಹಳೆಯ ಚಿತ್ರ, ಹಾಡು, ವಸ್ತುಗಳ ಮೂಲಕ ನೆನಪನ್ನು ಮೀಟುವ ಕ್ರಮವು ಆರೈಕೆಯ ಒಂದು ಭಾಗವಾಗಿ ಬೆಳೆದಿದೆ. 2018ರಲ್ಲಿ ಕಾಕ್ರೇನ್ ಸಂಸ್ಥೆಯು ಇಂತಹ 22 ಅಧ್ಯಯನಗಳನ್ನು ಪರಿಶೀಲಿಸಿ, ಕೆಲವರ ನೆಮ್ಮದಿ, ಮಾತುಕತೆ, ಚಿತ್ತದ ಸ್ಥಿತಿಗಳಲ್ಲಿ ಸಣ್ಣ ಮಟ್ಟಿನ ಲಾಭವಿದೆಯೆಂದೂ ಅದು ಎಲ್ಲೆಡೆಯೂ ಒಂದೇ ಸಮನಾಗಿಲ್ಲವೆಂದೂ ತೀರ್ಮಾನಿಸಿತು. ಭಾವಚಿತ್ರವು ಔಷಧಿಯಲ್ಲ, ಮರೆವನ್ನು ಅದು ಗುಣಪಡಿಸುವುದಿಲ್ಲ. ಖರ್ಚಿಲ್ಲದೆ ದೊರೆಯುವ ಸಣ್ಣ ನೆಮ್ಮದಿಯನ್ನು ಅಟ್ಟಕ್ಕೆ ಎಸೆಯಬಾರದೆಂಬುದಷ್ಟೇ ನಮ್ಮ ವಾದ.

ಮಕ್ಕಳಿಗೂ ಇದರಿಂದ ಹಿತವುಂಟು. ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಎಂಬ ಮನೋವಿಜ್ಞಾನಿಗಳು ಮಕ್ಕಳಿಗೆ ತಮ್ಮ ಮನೆತನದ ಬಗೆಗೆ 20 ಪ್ರಶ್ನೆಗಳನ್ನು ಕೇಳಿದರು. ಅಜ್ಜ ಅಜ್ಜಿ ಬೆಳೆದುದು ಎಲ್ಲಿ, ತಂದೆ ತಾಯಿ ಭೇಟಿಯಾದುದು ಹೇಗೆ ಎಂಬಂತಹ ಪ್ರಶ್ನೆಗಳವು. ಹೆಚ್ಚು ಬಲ್ಲ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಾಗಿಯೂ ಆತಂಕ ಕಡಿಮೆಯಾಗಿಯೂ ಕಂಡುಬಂದಿತು. ಉತ್ತರವನ್ನು ಕಂಠಪಾಠ ಮಾಡಿಸಿದರೆ ಈ ಗುಣ ಬಾರದು. ಕತೆ ಹೇಳುವ ಹಿರಿಯರು ಮನೆಯಲ್ಲಿರಬೇಕು, ಕತೆಗೆ ನೆಪವೊದಗಿಸುವ ಚಿತ್ರ ಗೋಡೆಯಲ್ಲಿರಬೇಕು. ಫೋಟೊ ಸ್ಥಾವರ, ಅದರ ಸುತ್ತ ಹುಟ್ಟುವ ಮಾತು ಜಂಗಮ. ನಮಗೆ ಬೇಕಾದುದು ಎರಡನೆಯದು.

ಹಾಗೆಂದು ಹಿಂದಿನವರ ಕ್ರಮವೆಲ್ಲ ಸರಿಯಿತ್ತೆಂದು ನಾವು ಹೇಳಲಾರೆವು. ಬಾಗಿಲ ಮೇಲೆ, ತೊಲೆಗೆ ತಾಗುವಷ್ಟು ಎತ್ತರದಲ್ಲಿ, ಮುಂದಕ್ಕೆ ಬಾಗಿಸಿ ಫೋಟೊ ತೂಗುಹಾಕುತ್ತಿದ್ದರು. ಅದರ ಹಿಂದೆ ಗುಬ್ಬಚ್ಚಿ ಗೂಡು ಕಟ್ಟುತ್ತಿದ್ದುದು ಹೌದು. ಆದರೆ ಕಣ್ಣು ಮಂಜಾದ ಅಜ್ಜಿಗೆ ಅಲ್ಲಿನ ಮುಖ ಕಾಣುತ್ತಿರಲಿಲ್ಲ. ಗೋಡೆಯ ಮೇಲಿದ್ದವರು ಹೆಚ್ಚಾಗಿ ಗಂಡಸರು. ಮನೆ ಕಟ್ಟಿದ, ಅಡಿಕೆ ಸುಲಿದ, ಬಂದವರಿಗೆಲ್ಲ ಉಣಬಡಿಸಿದ ತಾಯಿಯ ಚಿತ್ರವನ್ನು ಆಕೆ ಲಿಂಗೈಕ್ಯಳಾದ ಮೇಲೆ ಪಡಿತರ ಚೀಟಿಯಿಂದಲೋ ಮದುವೆಯ ಗುಂಪುಚಿತ್ರದಿಂದಲೋ ಹಿಗ್ಗಿಸಿ ತೆಗೆಸಬೇಕಾದ ಮನೆಗಳು ಎಷ್ಟಿಲ್ಲ!

ಇನ್ನೊಂದು ತೊಡಕು ವಾಸ್ತುವಿನದು. ಗತಿಸಿದವರ ಚಿತ್ರ ದಕ್ಷಿಣದ ಗೋಡೆಯಲ್ಲಿ ಮಾತ್ರ ಇರಬೇಕು, ಬದುಕಿದವರ ಜೊತೆ ಇಡಬಾರದು, ಇಟ್ಟರೆ ಕೇಡೆಂದು ಹೆದರಿಸುವವರಿದ್ದಾರೆ. ಲಿಂಗೈಕ್ಯರಾದವರಿಗೆ ಪ್ರೇತಸೂತಕವಿಲ್ಲವೆಂದು ಸಾರಿದ ಶರಣರ ಮಕ್ಕಳು ಈ ಭಯಕ್ಕೆ ಸೋಲುವುದು ತರವಲ್ಲ. ಗಂಡನನ್ನು ಕಳೆದುಕೊಂಡ ತಾಯಿಯು ಅವರಿಬ್ಬರೂ ಕೂಡಿ ನಿಂತ ಚಿತ್ರವನ್ನು ತನ್ನ ಮಂಚದ ಎದುರಿಗೆ ಬಯಸಿದರೆ ಅದೇ ಅದಕ್ಕೆ ತಕ್ಕ ದಿಕ್ಕು.

ಇಂದಿನ ಹೊಸ ಚಾಳಿಯೂ ಅಷ್ಟೇ ಯೋಚಿಸತಕ್ಕದ್ದು. ಮದುವೆಗೆ ಮುನ್ನ ಸಮುದ್ರತೀರದಲ್ಲಿ ತೆಗೆಸಿದ ಆಳೆತ್ತರದ ಚಿತ್ರವೊಂದು ಪಡಸಾಲೆಯನ್ನೆಲ್ಲ ಆಕ್ರಮಿಸಿರುತ್ತದೆ. ಉಳಿದ ಸಾವಿರ ಚಿತ್ರಗಳು ಮೊಬೈಲ್‌ನೊಳಗೆ ಹುದುಗಿರುತ್ತವೆ. ಮೊಬೈಲ್ ತೆರೆಯಲು ಬಾರದ ಅಜ್ಜನ ಪಾಲಿಗೆ ಅವು ಇದ್ದೂ ಇಲ್ಲದಂತೆ. ಬಂದವರು ಮೆಚ್ಚಲೆಂದು ಗೋಡೆಯನ್ನು ಸಿಂಗರಿಸುವುದಕ್ಕಿಂತ ಮನೆಯಲ್ಲಿ ದಿನವಿಡೀ ಕುಳಿತಿರುವವರ ಕಣ್ಣಿಗೆ ಹಿತವಾಗುವಂತೆ ಸಿಂಗರಿಸುವುದು ಮೇಲು. ಅಂದವೂ ಅದರಲ್ಲಿಯೇ ಇದೆ.

ಹಾಗೆ ಸಿಂಗರಿಸುವ ಬಗೆಯೂ ಸುಲಭ. ನಿಂತು ನೋಡುವ ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿ ಇರಲಿ. ಕುರ್ಚಿಯಲ್ಲಿ ಕುಳಿತೇ ಇರುವವರಿಗೆ ನಾಲ್ಕು ಅಡಿ ಸಾಕು. ಮೂವತ್ತು ಚಿತ್ರ ಒತ್ತೊತ್ತಾಗಿ ತೂಗಿದರೆ ಕಣ್ಣು ದಣಿಯುತ್ತದೆ. ಏಳೆಂಟನ್ನು ಆರಿಸಿ, ಒಂದೇ ಬಗೆಯ ಸರಳ ಕಟ್ಟು ಹಾಕಿಸಿ, ನಡುವೆ ಅಂತರ ಬಿಡಿರಿ. ಕಿಟಕಿಯ ಬೆಳಕು ಗಾಜಿನ ಮೇಲೆ ನೇರವಾಗಿ ಬಿದ್ದರೆ ಮುಖ ಕಾಣದು, ಬಿಸಿಲಿಗೆ ಚಿತ್ರವೂ ಮಾಸುತ್ತದೆ. ಮಳೆಗಾಲದಲ್ಲಿ ತೇವವೇರುವ ಗೋಡೆಯನ್ನು ಬಿಡಿರಿ. ಹಳೆಯ ಮೂಲಪ್ರತಿಯನ್ನು ಒಣಗಿದ ಕಡೆ ಜೋಪಾನವಾಗಿಟ್ಟು, ಸ್ಟುಡಿಯೋದಲ್ಲಿ ಪ್ರತಿ ತೆಗೆಸಿ ಅದನ್ನು ಗೋಡೆಗೆ ಹಾಕುವುದು ಒಳಿತು. ವರ್ಷಗಟ್ಟಲೆ ತೆಗೆಯದ ಪ್ಲಾಸ್ಟಿಕ್ ಹಾರ ಧೂಳಿನ ಗೂಡಾಗುತ್ತದೆ. ಉಬ್ಬಸವಿರುವವರ ಕೋಣೆಯಲ್ಲಿ ಅದು ಬೇಡ. ಮಂಚದ ತಲೆಯ ಮೇಲೆ ಭಾರದ ಗಾಜಿನ ಕಟ್ಟು ಬೇಡ. ಪ್ರತಿ ಚಿತ್ರದ ಕೆಳಗೆ ಹೆಸರು, ಸಂಬಂಧ, ಊರುಗಳನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳದಿದ್ದರೆ ಮುಂದಿನ ತಲೆಮಾರಿಗೆ ಆ ಮುಖಗಳು ಅಪರಿಚಿತವಾಗುತ್ತವೆ.

ಮರೆವಿರುವ ಹಿರಿಯರನ್ನು ಚಿತ್ರದ ಮುಂದೆ ನಿಲ್ಲಿಸಿ ‘ಇದು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬಾರದು. ಉತ್ತರ ಹೊಳೆಯದಾಗ ಅವರಿಗಾಗುವ ಅವಮಾನ ದೊಡ್ಡದು. ‘ಅಜ್ಜೀ, ಇದು ನಿಮ್ಮ ತಮ್ಮನ ಮದುವೆಯಂತೆ, ಆಗ ಏನೇನು ಅಡುಗೆ ಮಾಡಿದ್ದಿರಿ?’ ಎಂದು ದಾರಿ ತೋರಿ ಕೇಳಬೇಕು. ಹೇಳಿದುದು ತಪ್ಪಾಗಿದ್ದರೂ ತಿದ್ದುವ ಆತುರ ಬೇಡ. ಯಾವುದಾದರೊಂದು ಚಿತ್ರ ಕಂಡು ಅಳು ಅಥವಾ ಭಯ ಉಂಟಾದರೆ ಅದನ್ನು ಮೆಲ್ಲನೆ ತೆಗೆದಿಡುವುದೇ ವಿವೇಕ. ಮರೆವು ದಿನದ ಕೆಲಸಗಳಿಗೆ ಅಡ್ಡಿಯಾಗುವಷ್ಟು ಹೆಚ್ಚಿದರೆ ವಯಸ್ಸಿನ ಸಹಜ ಲಕ್ಷಣವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416ಕ್ಕೂ ಕರೆ ಮಾಡಿ ಸಲಹೆ ಪಡೆಯಬಹುದು.

ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ. ಮುಪ್ಪಿನವರ ಬಳಿ ಕುಳಿತು ಅವರ ಮಾತಿಗೆ ಕಿವಿಗೊಡುವುದೂ ದಾಸೋಹವೇ. ಈ ಸಲ ಹಬ್ಬಕ್ಕೆ ಮನೆಗೆ ಸುಣ್ಣ ಬಣ್ಣ ಬಳಿಯುವಾಗ ಅಟ್ಟದ ಗೋಣಿಚೀಲವನ್ನು ಕೆಳಗಿಳಿಸಿರಿ. ಯಾವ ಚಿತ್ರ ಎಲ್ಲಿರಬೇಕೆಂದು ಮನೆಯ ಹಿರಿಯರನ್ನೇ ಕೇಳಿರಿ. ಮೊಳೆ ಹೊಡೆಯುವ ಕೆಲಸವನ್ನು ಮೊಮ್ಮಕ್ಕಳಿಗೆ ಬಿಡಿರಿ.