ಆಗುಂಬೆಯ 14 ತಿರುವುಗಳು
ಹೆಬ್ರಿಯಿಂದ ನಸುಕಿನಲ್ಲಿ ಸೈಕಲ್ ತುಳಿದು ಹೊರಟರೆ, ಸೋಮೇಶ್ವರದವರೆಗಿನ ದಾರಿ ಕಾಲನ್ನು ಹದಮಾಡುತ್ತದೆ; ಅಲ್ಲಿಂದ ಮೇಲೆ ಆಗುಂಬೆ ಘಾಟಿಯ 14 ತಿರುವುಗಳು ಮನಸ್ಸನ್ನು ಹದಮಾಡುತ್ತವೆ. ಎಡಬದಿಯಲ್ಲಿ ಹತ್ತುವ ನಮಗೆ ಎಡತಿರುವೆಂದರೆ ಒಳಮೈಯ ಕಡಿದಾದ ಏರು. ಬಲತಿರುವು ಬಂತೆಂದರೆ ಹೊರಮೈಯ ಅಗಲದಲ್ಲಿ ಒಂದಿಷ್ಟು ಉಸಿರು. ಆದ್ದರಿಂದ ಗೇರನ್ನು ತಿರುವಿಗೆ ಮೊದಲೇ ಇಳಿಸಬೇಕು, ಚೈನಿನ ಮೇಲೆ ಪೂರ್ತಿ ಭಾರ ಬಿದ್ದ ಮೇಲಲ್ಲ. ವೇಗದ ಆಸೆ ಬಿಟ್ಟವನಿಗೆ ಮಾತ್ರ ಕಾಡು ತೆರೆದುಕೊಳ್ಳುತ್ತದೆ: ಸಿಂಗಳೀಕದ ಕೂಗು, ಒದ್ದೆ ಎಲೆಗಳ ವಾಸನೆ, ಕಲ್ಲಿನ ಸಂದಿಯಲ್ಲಿ ಜಿನುಗುವ ನೀರು. ಆಗುಂಬೆ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರು. ಜಡಿಮಳೆಯಲ್ಲಿ ಇಲ್ಲಿ ಸಾಹಸ ಬೇಡ, ನವೆಂಬರ್‌ನಿಂದ ಫೆಬ್ರವರಿವರೆಗೆ ಬನ್ನಿ. ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ, ರಿಮ್ ಕಾಯುತ್ತದೆ. ತಿರುವಿಗೆ ಮುನ್ನ ವೇಗ ತಗ್ಗಿಸಿ, ತಿರುವಿನಲ್ಲಿ ಹಗುರಾಗಿ ಬಿಡಿ. ಕೊನೆಯ ತಿರುವುಗಳ ಬಳಿಯ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತು ಕೆಳಗೆ ಹಬ್ಬಿದ ಕರಾವಳಿಯನ್ನು ನೋಡಿ. ಕಾರಿನಲ್ಲಿ ಬಂದವರಿಗೆ ಅದೊಂದು ನೋಟ. ತುಳಿದು ಬಂದವರಿಗೆ ಅದು ಗಳಿಕೆ. ನಮ್ಮ ಮಕ್ಕಳಿಗೆ ಘಟ್ಟದ ಎತ್ತರವನ್ನು ಪುಸ್ತಕ ಹೇಳಿದರೆ ಸಾಲದು, ಅವರ ಕಾಲುಗಳೂ ಹೇಳಬೇಕು.