ಒಬ್ಬನೂ ಎದ್ದು ನಿಲ್ಲಲಿಲ್ಲ

ಕಳೆದ ವಾರ ನಾಗಮಂಗಲಕ್ಕೆ ಹೋಗಿದ್ದೆ. ಟೀ ಅಂಗಡೀಲಿ ಹೈಸ್ಕೂಲ್ ಗೆಳೆಯ ಸಿಕ್ಕಿದ. ಬನ್ ತಿನ್ನೋಕೂ ಕಷ್ಟಪಡ್ತಿದ್ದ. ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯೋಲ್ಲವಂತೆ. ಗುಟ್ಕಾ...

ಒಂಬತ್ತನೇ ಕ್ಲಾಸು ನೆನಪಾಯ್ತು. ಆಗಿನ್ನೂ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಗಿರಲಿಲ್ಲ, ಅದು ಬಂದದ್ದು 2013ರಲ್ಲಿ. ಮೇಷ್ಟ್ರು ಬೆತ್ತ ಹಿಡ್ಕೊಂಡು "ಯಾರ್ಯಾರ್ಲಾ ಗುಟ್ಕಾ ಹಾಕೋರು? ಎದ್ ನಿಂತ್ಕಳ್ರಲಾ" ಅಂದ್ರು. ಒಬ್ಬನೂ ಏಳಲಿಲ್ಲ. ಸರಿ, ಚೀಟೀಲಿ ಬರೆದುಕೊಡಿ ಅಂದ್ರು. ಮೇಲ್ಗಡೆ ರೋಲ್ ನಂಬರ್ ಹಾಕ್ಬೇಕಿತ್ತು! ನಾನೂ ಎರಡು ಸಲ ರುಚಿ ನೋಡಿದ್ದೆ. "ಇಲ್ಲ" ಅಂತ ಬರೆದೆ. ಪಕ್ಕದಲ್ಲಿ ಕೂತಿದ್ದ ಇದೇ ಗೆಳೆಯ, ದಿನಾ ಹಾಕೋನು, ಅವನೂ "ಇಲ್ಲ" ಅಂತಲೇ ಬರೆದ.

2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆ ಪ್ರಕಾರ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ತಂಬಾಕು ಬಳಸೋರು ದೇಶದಲ್ಲಿ ಶೇ. 8.5, ಕರ್ನಾಟಕದಲ್ಲಿ ಬರೀ ಶೇ. 1.2. ಅದು ಹೆಸರು ಕೇಳದ ಸಮೀಕ್ಷೆ, ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ಆ ಚೀಟಿ ನೆನಪಾದಾಗಲೆಲ್ಲ ನನಗೆ ಅನುಮಾನ.

2025ರಲ್ಲಿ ಬಂದ ಏಮ್ಸ್ ನೇತೃತ್ವದ ಅಧ್ಯಯನದಲ್ಲಿ ಬೆಂಗಳೂರೂ ಸೇರಿ 10 ನಗರಗಳ 5,920 ವಿದ್ಯಾರ್ಥಿಗಳನ್ನು ಕೇಳಿದ್ರು. ಶೇ. 15.1 ಮಂದಿ ಒಮ್ಮೆಯಾದರೂ ಅಮಲು ಪದಾರ್ಥ ಬಳಸಿದ್ದೇವೆ ಅಂದ್ರು. ಬಳಸಿದ್ದರೂ ಕೇಳಿದಾಗ ಮುಚ್ಚಿಡ್ತೀವಿ ಅಂದವರು ಅರ್ಧಕ್ಕಿಂತ ಹೆಚ್ಚು. ಎಷ್ಟು ಪ್ರಾಮಾಣಿಕ ಉತ್ತರ ನೋಡಿ!

ಜಂಭಕ್ಕೆ ಸುಳ್ಳು ಹೇಳೋರೂ ಇದ್ದಾರೆ. ಅದಕ್ಕೇ ಯುರೋಪಿನ ಶಾಲಾ ಸಮೀಕ್ಷೆಯಲ್ಲಿ "ರೆಲೆವಿನ್" ಅಂತ ಇಲ್ಲದ ಡ್ರಗ್ಗಿನ ಹೆಸರು ಸೇರಿಸಿದ್ರು. ಅದನ್ನೂ ತಗೊಂಡಿದ್ದೀನಿ ಅಂದವನ ಬಣ್ಣ ಬಯಲು. ಆದ್ರೆ ಹೆದರಿ "ಇಲ್ಲ" ಅಂದವನನ್ನು ಹಿಡಿಯೋಕೆ ಇಂಥ ಉಪಾಯ ನಡೆಯಲ್ಲ.

ನಮ್ಮ ಸಾಫ್ಟ್‌ವೇರ್‌ನವರಿಗೆ ಇದು ಬೇಗ ಅರ್ಥವಾಗುತ್ತೆ. ಬಗ್ ಇದೆ ಅಂದವನಿಗೇ ಬೈದ್ರೆ, ಮುಂದಿನ ವಾರದಿಂದ ಬಗ್ಗುಗಳ ಲೆಕ್ಕ ಸೊನ್ನೆ. ಪ್ರೋಗ್ರಾಮು ಮಾತ್ರ ಹಾಗೇ ಇರುತ್ತೆ.

ಮಕ್ಕಳು ಸುಳ್ಳುಗಾರರು ಅಂತ ಬೈಯೋ ಮೊದಲು ನಾವು ಕೇಳೋ ರೀತಿ ನೋಡ್ಕೋಬೇಕು. ಚೀಟೀಲಿ ರೋಲ್ ನಂಬರ್ ಬೇಡ. ಕ್ಲಾಸ್ ಮೇಷ್ಟ್ರು ಅದನ್ನು ಓದೋದೂ ಬೇಡ. ಯಾರಾದ್ರೂ ತಾನಾಗೇ ಬಂದು "ಹೌದು ಸಾರ್" ಅಂದ್ರೆ ಟಿಸಿ ಕೊಡೋ ಬದಲು ಡಾಕ್ಟರ ಹತ್ರ ಕರ್ಕೊಂಡು ಹೋಗೋಣ. ಏನಂತೀರಿ?

ನನ್ನ ಗೆಳೆಯ ಈಗ ಯಾರು ಕೇಳಿದ್ರೂ "ಹೌದು, ಹಾಕ್ತಿದ್ದೆ" ಅಂತಾನೆ. ಹದಿನಾಲ್ಕು ವರ್ಷ ತಡವಾಗಿ.